ಬಚ್ಚಲ ಕಿಟಕಿಯ ಅವರೆಕಾಳು

ಲೊಕ್ಕನಹಳ್ಳಿ, ರಾಗಿ ಹೊಲದ ಅಟ್ಟಣೆಯ ಮೇಲಿಂದ
ನವೆಂಬರ್ 10, 2025, ಸೋಮವಾರ ಬೆಳಿಗ್ಗೆ ಹತ್ತರ ಮೇಲೆ

ಮುದ್ದಿನ ಮಗಳು ರೂಪಳಿಗೆ,

ನಿಮ್ಮಪ್ಪ ಚಿಕ್ಕಸಿದ್ದಯ್ಯ ಅಟ್ಟಣೆಯ ಮೇಲೆ ಕಾಲು ಇಳಿಬಿಟ್ಟು ಕೂತು, ಒಂದು ಕಣ್ಣು ರಾಗಿಗೂ ಒಂದು ಕಣ್ಣು ಕಾಗದಕ್ಕೂ ಕೊಟ್ಟು ಮಾಡುವ ಆಶೀರ್ವಾದ. ಹೇಗಿದ್ದೀಯ ಮಗಳೇ? ಯಾದಗಿರಿಯ ಬಿಸಿಲು ಈಗಲಾದರೂ ಸ್ವಲ್ಪ ಇಳಿದಿದೆಯೆ? ವಸತಿ ಶಾಲೆಯ ಮಕ್ಕಳು ನಿನ್ನ ವಿಜ್ಞಾನದ ಪಾಠ ಕೇಳುತ್ತಾರೋ, ಇಲ್ಲ ನಿನ್ನ ಮಾತಿನ ರಾಗ ಕೇಳಿ ನಗುತ್ತಾರೋ? ಅಲ್ಲಿಯ ಜೋಳದ ರೊಟ್ಟಿ ನಿನ್ನ ಹೊಟ್ಟೆಗೆ ಒಗ್ಗಿದೆಯೋ ಇಲ್ಲವೋ, ಅದನ್ನೂ ಬರಿ. ಅಪ್ಪ ಮೊದಲೇ ಹೊಟ್ಟೆಯ ಮಾತು ತೆಗೆದನೆಂದು ನಗಬೇಡ. ನಮ್ಮ ಮನೆಯಲ್ಲಿ ಈಗ ಮಾತು ಎಲ್ಲಿಂದ ಹೊರಟರೂ ಕೊನೆಗೆ ಹೊಟ್ಟೆಗೇ ಬಂದು ನಿಲ್ಲುತ್ತದೆ.

ಫೋನ್ ಇರುವಾಗ ಕಾಗದ ಯಾಕೆ ಎಂದು ಗಾಬರಿಯಾಗಬೇಡ. ಇರುವುದು ಒಂದೇ ಫೋನು, ಅದೂ ನಿಮ್ಮವ್ವನ ಸೊಂಟದಲ್ಲಿ. ಅವಳ ಬೆರಳಿಗೆ ಅದನ್ನು ಕಿವಿಯ ಹತ್ತಿರ ಹಿಡಿದುಕೊಳ್ಳಲು ಆಗುವುದಿಲ್ಲವೆಂದು ನೀನೇ ಸ್ಪೀಕರ್ ಹಾಕುವುದನ್ನು ಕಲಿಸಿಕೊಟ್ಟು ಹೋದೆ. ಈಗ ನೀನು ಆ ಕಡೆ ಕೆಮ್ಮಿದರೆ ಈ ಕಡೆ ಪಕ್ಕದ ಮನೆಯವರು 'ಯಾಕವ್ವ, ರೂಪಂಗೆ ಉಸಾರಿಲ್ವ?' ಎಂದು ಕೇಳುತ್ತಾರೆ. ಸೋಲಾರ್ ಬೇಲಿ ಕಾಯುವುದರಲ್ಲಿ ನನ್ನ ಜೊತೆಗಾರ ಜಡೇಸ್ವಾಮಿಯ ಹತ್ತಿರವೂ ಒಂದು ಫೋನಿದೆ. ಆದರೆ ಅವನ ಮುಂದೆ ನಿಂತು ಮಗಳ ಹತ್ತಿರ ಈ ವಿಷಯ ಮಾತಾಡಲು ನನಗೆ ನಾಲಿಗೆ ಏಳುವುದಿಲ್ಲ. ಕಾಗದದಲ್ಲಾದರೆ ನೀನು ನನ್ನ ಮುಖ ನೋಡುವುದಿಲ್ಲ, ನಾನು ನಿನ್ನ ಮುಖ ನೋಡುವುದಿಲ್ಲ. ತಂದೆ ಮಗಳಿಗೆ ಬರೆಯುವ ವಿಷಯವೇ ಅಲ್ಲ ಇದು. ಏನು ಮಾಡಲಿ, ನನ್ನ ತಲೆ ಗೋಜಲು ಬಿದ್ದ ರೇಷ್ಮೆ ನೂಲಾಗಿದೆ. ತುದಿ ಹುಡುಕಿಕೊಡಲು ನಿನ್ನನ್ನು ಬಿಟ್ಟರೆ ಓದಿದವರು ನಮ್ಮ ಪಾಲಿಗೆ ಯಾರಿದ್ದಾರೆ?

ನಿಮ್ಮವ್ವನ ಕಾಯಿಲೆಯ ಹೆಸರು ನಿನಗೆ ಗೊತ್ತು. ಸಿಸ್ಟಮಿಕ್ ಸ್ಕ್ಲೀರೋಸಿಸ್ ಎಂದು ತಡವರಿಸದೆ ಹೇಳಲು ನನಗೆ ಎರಡು ವರ್ಷ ಬೇಕಾಯಿತು. ಬೆಳಗಿನ ಚಳಿಗೆ ಬೆರಳು ಬೆಳ್ಳಗಾಗಿ ಆಮೇಲೆ ನೀಲಿಯಾಗುವುದು, ಚರ್ಮ ಬಿಗಿದುಕೊಂಡು ಬೆರಳು ಮಡಚಿದಂತೆಯೇ ನಿಂತುಬಿಟ್ಟಿದ್ದು, ಇದನ್ನೆಲ್ಲ ನೀನು ಕಣ್ಣಾರೆ ಕಂಡಿದ್ದೀಯ. ಕಾಣದೇ ಇದ್ದದ್ದು ಒಳಗಿನದು. ಹೊರಗಿನ ಚರ್ಮ ಬಿಗಿದ ಹಾಗೆ ಒಳಗೆ ಕರುಳೂ ಬಿಗಿಯುತ್ತದಂತೆ, ಮುಂದಕ್ಕೆ ತಳ್ಳುವುದನ್ನೇ ಮರೆತುಬಿಡುತ್ತದಂತೆ. ನಿಮ್ಮವ್ವ ಐದು ದಿನ, ಆರು ದಿನಕ್ಕೊಮ್ಮೆ ಕಷ್ಟಪಟ್ಟು ಹೋಗುತ್ತಿದ್ದಳೆಂದು ನನಗೆ ತಿಳಿದದ್ದೇ ಈ ಗೌರಿ ಹಬ್ಬದ ದಿನ, ಅವಳು ಹೊಟ್ಟೆ ಉಬ್ಬರಿಸಿಕೊಂಡು ತಲೆ ಸುತ್ತಿ ಬಿದ್ದಾಗ. ಅದಕ್ಕೂ ಮೊದಲು ಅವಳು ಕಕ್ಕಸಿನೊಳಗೆ ಗಂಟೆಗಟ್ಟಲೆ ಕೂರುತ್ತಿದ್ದಾಗ ನಾನು ಏನೆಂದುಕೊಂಡಿದ್ದೆ ಗೊತ್ತೆ? ನನ್ನ ಮೇಲೆ ಸಿಟ್ಟು ಮಾಡಿಕೊಂಡು ಬಾಗಿಲು ಹಾಕಿಕೊಂಡಿದ್ದಾಳೆ ಎಂದು. ಎರಡು ಸಲ ಬಾಗಿಲಾಚೆ ನಿಂತು 'ತಪ್ಪಾಯ್ತು, ಬಾರವ್ವ ಈಚ್ಗೆ' ಎಂದು ಕೇಳಿಕೊಂಡಿದ್ದೇನೆ, ತಪ್ಪು ಏನೆಂದು ಗೊತ್ತಿಲ್ಲದೆಯೇ. ಅಳಲೆಕಾಯಿ ಪುಡಿ, ಹರಳೆಣ್ಣೆ, ಪರಂಗಿ ಹಣ್ಣು ಎಲ್ಲವನ್ನೂ ಅವಳು ಗುಟ್ಟಾಗಿ ಮಾಡಿ ನೋಡಿದ್ದಳು. ಯಾವುದೂ ಆಗದೆ ಕೊನೆಗೆ ಊಟವನ್ನೇ ಬಿಡುತ್ತಾ ಬಂದಳು. ಅವಳ ಮುದ್ದೆ ನಿಂಬೆಹಣ್ಣಿನ ಗಾತ್ರಕ್ಕೆ ಇಳಿದಿತ್ತು. ಎದುರಿಗೇ ಕೂತು ಉಣ್ಣುವವನು ನಾನು, ನನ್ನ ಕಣ್ಣಿಗೆ ಅದು ಬೀಳಲಿಲ್ಲವಲ್ಲ.

ಕೊಳ್ಳೇಗಾಲದಲ್ಲಿ ತೋರಿಸಿ, ಅವರು ಹೇಳಿದ ಹಾಗೆ ಮೈಸೂರಿನ ದೊಡ್ಡ ಆಸ್ಪತ್ರೆಗೆ ಹೋದದ್ದನ್ನು ಫೋನಿನಲ್ಲಿ ಹೇಳಿದ್ದೆ. ಕರೆಂಟಿನ ಚಿಕಿತ್ಸೆ ಎಂದಷ್ಟೇ ಹೇಳಿದ್ದೆ, ಪೂರ್ತಿ ಹೇಳಿರಲಿಲ್ಲ. ಅದು ಕರೆಂಟು ಕೊಟ್ಟರೆ ಗುಣವಾಗುತ್ತದೋ ಇಲ್ಲವೋ ಎಂದು ನೋಡುವ ಒಂದು ಪರೀಕ್ಷೆಯಂತೆ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಒಂದು ಮಿಷನ್ನು, ಅದರಿಂದ ಎರಡು ವೈರು, ವೈರಿನ ತುದಿಗೆ ಎರಡು ಅಂಟುಬಿಲ್ಲೆ. ಕಾಲಿನ ಹರಡಿನ ಒಳಮಗ್ಗುಲಿಗೆ ಅಂಟಿಸಿ ದಿನಕ್ಕೆ ಅರ್ಧ ಗಂಟೆ ಇಡಬೇಕು, ಎಂಟು ವಾರ. ಮಾತ್ರೆ, ನೀರಿಗೆ ಹಾಕಿ ಕುಡಿಯುವ ಪುಡಿ ಇವೆಲ್ಲ ಮೊದಲಿನಂತೆಯೇ. ನಿಮ್ಮವ್ವ ಅಲ್ಲಿಯೇ ಕೇಳಿದಳು, 'ಕಾಯ್ಲೆ ಒಟ್ಟೇಲಿ, ಕರೆಂಟು ಕಾಲ್ಗ್ಯಾಕವ್ವ?' ಅಲ್ಲಿಯ ಸಿಸ್ಟರ್ ಪಾಪ, ಕಾಲಿನ ನರವೂ ಕರುಳಿನ ನರವೂ ಬೆನ್ನುಮೂಳೆಯಲ್ಲಿ ಒಂದೇ ಕಡೆ ಕೂಡುತ್ತವೆಂದು ಚಿತ್ರ ಬರೆದು ತೋರಿಸಿದಳು. ನನಗೆ ಅರ್ಥವಾಗಲಿಲ್ಲ. ನಿಮ್ಮವ್ವನೇ ಬಸ್ಸಿನಲ್ಲಿ ನನಗೆ ಬಿಡಿಸಿ ಹೇಳಿದಳು, 'ಎತ್ತು ಮನಿಕಂಡು ಏಳ್ನಿಲ್ಲ ಅಂದ್ರೆ ಬಾಲ ತಿರುಚಲ್ವ? ಬಾಲ ತಿರುಚುದ್ರೆ ಕಾಲೇಳ್ತದೆ. ಅಂಗೇ ಇದೂವೆ.' ಅವತ್ತಿನಿಂದ ನಾನು ಅದನ್ನೇ ನಂಬಿದ್ದೇನೆ.

ಇನ್ನೊಂದು ಮಾತನ್ನೂ ಅಲ್ಲಿ ಹೇಳಿದ್ದರು. ಕೆಲವು ಮಿಷನ್ನಿನಲ್ಲಿ ಕರೆಂಟು ಇರುತ್ತದೆ, ಕೆಲವದರಲ್ಲಿ ಇರುವುದಿಲ್ಲ. ಯಾರಿಗೆ ಯಾವುದು ಬಂದಿದೆ ಎಂಬುದು ಡಾಕ್ಟರಿಗೂ ಗೊತ್ತಿರುವುದಿಲ್ಲ. ಎಂಟು ವಾರ ಆದ ಮೇಲೆ ಮುಚ್ಚಿಟ್ಟ ಲಕೋಟೆ ಒಡೆದು ಹೇಳುತ್ತಾರೆ. ಬರೀ ಮಿಷನ್ನು ಬಂದವರು ಬೇಕೆಂದರೆ ಆಮೇಲೆ ಕರೆಂಟಿನದನ್ನು ಕೊಡುತ್ತಾರೆ. ಅಲ್ಲಿಯವರೆಗೆ ನೀವಾಗಿ ಪರೀಕ್ಷೆ ಮಾಡಲು ಹೋಗಬೇಡಿ ಎಂದರು. ಎಲ್ಲವನ್ನೂ ಓದಿ ಹೇಳಿಯೇ ಹೆಬ್ಬೆಟ್ಟು ಒತ್ತಿಸಿಕೊಂಡರು, ಮಡಚಿದ ಬೆರಳಲ್ಲಿ ಅವಳಿಗೆ ಪೆನ್ನು ಹಿಡಿಯಲು ಆಗಲಿಲ್ಲವಲ್ಲ. ಒಂದು ಪುಸ್ತಕವನ್ನೂ ಕೊಟ್ಟರು. ದಿನಾ ಹೋದಳೋ ಇಲ್ಲವೋ ಬರೆಯಬೇಕು. ಸಿಸ್ಟರ್ ನನ್ನ ಕಡೆ ತಿರುಗಿ, 'ಯಜಮಾನ್ರೇ, ಇದ್ದದ್ದನ್ನೇ ಬರೀಬೇಕು. ನಿಮ್ಮ ಪುಸ್ತಕ ನೋಡ್ಕೊಂಡು ನಾಳೆ ಇನ್ನೊಬ್ಬರಿಗೆ ಚಿಕಿತ್ಸೆ ಕೊಡ್ತಾರೆ' ಎಂದಳು. ತಲೆ ಅಲ್ಲಾಡಿಸಿ ಬಂದೆ.

ಅಂಟುಬಿಲ್ಲೆಯ ಹಾಳೆ ಬಿಡಿಸಲು ನಿಮ್ಮವ್ವನ ಬೆರಳಿಗೆ ಆಗುವುದಿಲ್ಲ. ಹಾಗಾಗಿ ಆ ಕೆಲಸ ನನ್ನದಾಯಿತು. ಸಂಜೆ ಹೊಲದಿಂದ ಬಂದು, ಬಿಸಿನೀರಲ್ಲಿ ಅವಳ ಕಾಲು ತೊಳೆದು, ಒರೆಸಿ, ಬಿಲ್ಲೆ ಅಂಟಿಸಿ, ಗುಂಡಿ ಒತ್ತಿ, ಕಾಲು ಅಲ್ಲಾಡದ ಹಾಗೆ ನನ್ನ ತೊಡೆಯ ಮೇಲೆ ಇಟ್ಟುಕೊಂಡು ಕೂರುವುದು. ಮೊದಲ ದಿನ ಅವಳು ಕಾಲನ್ನು ಸೀರೆಯೊಳಕ್ಕೆ ಎಳೆದುಕೊಂಡುಬಿಟ್ಟಳು. 'ರೂಪನಪ್ಪ, ಬುಡಿ, ಗಂಡ ಆದೋರು ಎಡ್ತಿ ಕಾಲ್ ಮುಟ್ಟದ? ನಾ ಯಾವ್ ನರಕುಕ್ಕೋಗ್ಲಿ?' ಎಂದು ಅತ್ತೇಬಿಟ್ಟಳು. ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದ್ದೇವೆ, ಅವಳ ಪಾದದ ಅಡಿಯಲ್ಲಿ ಒಂದು ಮಚ್ಚೆ ಇದೆ ಎಂದು ನಾನು ಕಂಡದ್ದು ಅವತ್ತು. ಆಮೇಲೆ ಒಂದು ಒಪ್ಪಂದವಾಯಿತು. ಅರ್ಧ ಗಂಟೆ ಮುಗಿದ ಮೇಲೆ ಅವಳು ನನ್ನ ಕಾಲು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವುದು, ಅದಕ್ಕೆ ನಾನು ಬೇಡ ಎನ್ನದೇ ಇರುವುದು. ಕೂತ ಅರ್ಧ ಗಂಟೆ ಸುಮ್ಮನೆ ಇರಲಾರದೆ ನಮ್ಮಜ್ಜ ನನಗೆ ಹೇಳುತ್ತಿದ್ದ ಕಥೆಗಳನ್ನು ಒಂದೊಂದಾಗಿ ಹೇಳತೊಡಗಿದೆ. ಕಥೆ ಮುಗಿಯುವ ಮೊದಲೇ ಮಿಷನ್ನು ಕೀ ಎಂದುಬಿಟ್ಟರೆ 'ಅದ್ಯಾಕ್ ಅರಚ್ಕತದೋ, ನೀವೇಳಿ' ಎನ್ನುತ್ತಾಳೆ.

ಪುಸ್ತಕ ಬರೆಯುವುದೇ ಕಷ್ಟವಾಯಿತು. ಬರೆಯುವವನು ನಾನು, ಹೋಗುವವಳು ಅವಳು, ಅವಳು ನನಗೆ ಹೇಳಬೇಕಲ್ಲ? ಆ ಮಾತನ್ನು ಅವಳು ಸತ್ತರೂ ಬಾಯಲ್ಲಿ ಆಡುವವಳಲ್ಲ. ಕೇಳಿದರೆ ಒಲೆಯ ಕಡೆ ಮುಖ ತಿರುಗಿಸುತ್ತಿದ್ದಳು. ಆಮೇಲೆ ಅವಳೇ ಒಂದು ದಾರಿ ಮಾಡಿದಳು. ಹೋದ ದಿನ ಬಚ್ಚಲ ಕಿಟಕಿಯಲ್ಲಿ ಒಂದು ಅವರೆಕಾಳು ಇಡುತ್ತಾಳೆ. ಸಂಜೆ ಕೈಕಾಲು ತೊಳೆಯಲು ಹೋದಾಗ ನಾನು ಅದನ್ನು ತೆಗೆದು ಡಬ್ಬಿಗೆ ಹಾಕಿ, ಪುಸ್ತಕದಲ್ಲಿ ಗುರುತು ಹಾಕುತ್ತೇನೆ. ಮಾತಿಲ್ಲ ಕಥೆಯಿಲ್ಲ. ಮೊದಲ ವಾರ ಒಂದು ಕಾಳು. ಎರಡನೇ ವಾರ ಮೂರು. ಮೂರನೇ ವಾರ ನಾಲ್ಕು. ದೀಪಾವಳಿ ಕಳೆದ ಮೇಲೆ ದಿನ ಬಿಟ್ಟು ದಿನ, ಒಮ್ಮೊಮ್ಮೆ ದಿನಾ. ಮಗಳೇ, ಕಿಟಕಿಯಲ್ಲಿ ಕಾಳು ಕಂಡ ದಿನ ನನಗೆ ಆಗುತ್ತಿದ್ದ ಸಂತೋಷವನ್ನು ಹೇಗೆ ಹೇಳಲಿ? ಒಂದು ದಿನ ಹಸುವಿಗೆ ಎರಡು ಬೊಗಸೆ ಬೂಸಾ ಜಾಸ್ತಿ ಹಾಕಿದೆ. ಇನ್ನೊಂದು ದಿನ ಕಾಳನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ ಜಡೇಸ್ವಾಮಿಗೆ ತೋರಿಸಿದೆ. ಅವನು ಅದನ್ನು ಬಾಯಿಗೆ ಹಾಕಿಕೊಳ್ಳಲು ಹೋದ. ಕಿತ್ತುಕೊಂಡೆ. ನಿಮ್ಮವ್ವನ ಮುದ್ದೆ ಈಗ ಮುಷ್ಟಿಯ ಗಾತ್ರಕ್ಕೆ ಬಂದಿದೆ. ಆಯುಧ ಪೂಜೆಯ ದಿನ ಕುಡುಗೋಲು, ಪಿಕಾಸಿ, ಔಷಧಿ ಹೊಡೆಯುವ ಪಂಪಿನ ಪಕ್ಕಕ್ಕೆ ಆ ಮಿಷನ್ನನ್ನೂ ಇಟ್ಟು, ಅರಿಶಿನ ಕುಂಕುಮ ಹಚ್ಚಿ, ಸೇವಂತಿಗೆ ಮುಡಿಸಿದ್ದಳು. ಗುಂಡಿಯ ಸಂದಿಗೆ ಹೋದ ಕುಂಕುಮವನ್ನು ಕಡ್ಡಿಯಲ್ಲಿ ತೆಗೆಯುವಷ್ಟರಲ್ಲಿ ನನಗೆ ಸಾಕಾಯಿತು.

ಇಲ್ಲಿಯವರೆಗೆ ಎಲ್ಲ ನೆಟ್ಟಗಿತ್ತು. ಹೋದ ಬುಧವಾರ ಗೊಬ್ಬರಕ್ಕೆಂದು ಕೊಳ್ಳೇಗಾಲಕ್ಕೆ ಹೋಗಿದ್ದೆ. ಬಸ್‌ಸ್ಟ್ಯಾಂಡಿನಲ್ಲಿ ಯಳಂದೂರಿನ ಶಾಂತಮೂರ್ತಿ ಸಿಕ್ಕಿದರು. ರೇಷ್ಮೆ ನೂಲು ತೆಗೆಯುವ ಕೆಲಸದಲ್ಲಿದ್ದವರು, ನಿಮ್ಮವ್ವನದೇ ಕಾಯಿಲೆ, ನಿಮ್ಮವ್ವನ ಜೊತೆಗೇ ಅದೇ ಪರೀಕ್ಷೆಗೆ ಸೇರಿದವರು. ಟೀ ಕುಡಿಸಿದೆ. ಲೋಟವನ್ನು ಎರಡೂ ಅಂಗೈಯಲ್ಲಿ ಒತ್ತಿ ಹಿಡಿದುಕೊಂಡು ಕುಡಿಯುತ್ತಾ, 'ಸಿದ್ದಯ್ನೋರೆ, ಗುಂಡಿ ಒತ್ತುದ್ರೆ ನನ್ ಕಾಲಿನ ಎಬ್ಬೆಟ್ಟು ಟಕ್ ಟಕ್ ಅಂತ ಕುಣೀತದೆ. ನಿಮ್ಮೋರ್ದೂ ಕುಣೀತದಾ?' ಎಂದರು. ನಾನು ಆರು ವಾರದಿಂದ ತೊಡೆಯ ಮೇಲೆ ಇಟ್ಟುಕೊಂಡು ನೋಡುತ್ತಿರುವ ಕಾಲು ಅದು, ಅದರ ಹೆಬ್ಬೆಟ್ಟು ಒಂದು ದಿನವೂ ಮಿಸುಕಿಲ್ಲ. ಮೊದಲ ಒಂದು ಗಳಿಗೆ ಜುಮ್ಮೆನ್ನುತ್ತದೆ, ಆಮೇಲೆ ಏನೂ ಇಲ್ಲ ಎನ್ನುತ್ತಾಳೆ ಅವಳು. 'ಅಂಗಾರೆ ನಿಮ್ಗೆ ಒಟ್ಟೆ ಸಲೀಸಾಗ್ಯದಾ?' ಎಂದು ಕೇಳಿದೆ. ಶಾಂತಮೂರ್ತಿ ನಕ್ಕರು. 'ಎಲ್ಲಿ ಬತ್ತು ಬುಡಿ. ಬೆಟ್ಟು ಕುಣೀತದೆ, ಒಟ್ಟೆ ನೋಡ್ಕಂಡು ಸುಮ್ಗದೆ' ಎಂದರು. ಕುಣಿಯುವ ಬೆರಳಿನವರಿಗೆ ಗುಣವಿಲ್ಲ, ಕುಣಿಯದ ಬೆರಳಿನವಳಿಗೆ ಗುಣವಿದೆ. ಗೊಬ್ಬರ ತರುವುದನ್ನು ಮರೆತು ಬರಿಗೈಯಲ್ಲಿ ಬಸ್ಸು ಹತ್ತಿದೆ.

ಮಾರನೇ ದಿನ ಮಾಡಬಾರದ ಕೆಲಸ ಮಾಡಿದೆ. ಬ್ಯಾಟರಿ ತೋರಿಸಿಕೊಂಡು ಬರುತ್ತೇನೆ ಎಂದು ನಿಮ್ಮವ್ವನಿಗೆ ಸುಳ್ಳು ಹೇಳಿ, ಮಿಷನ್ನನ್ನು ಜೇಬಿಗೆ ಹಾಕಿಕೊಂಡು ಬೇಲಿಯ ಹತ್ತಿರ ಹೋದೆ. ನಾವು ಬೇಲಿಯನ್ನು ಹೇಗೆ ನೋಡುತ್ತೇವೆಂದು ನಿನಗೆ ಗೊತ್ತಲ್ಲ. ಹೊತ್ತಿಳಿದು ಸೋಲಾರ್ ಹಾಕಿದ ಮೇಲೆ ಒಂದು ಉದ್ದನೆಯ ಹಸಿ ಹುಲ್ಲು ಕಿತ್ತು, ತುದಿಯನ್ನು ತಂತಿಗೆ ಮುಟ್ಟಿಸಿ, ಸ್ವಲ್ಪಸ್ವಲ್ಪವೇ ಕೈಯನ್ನು ಹತ್ತಿರಕ್ಕೆ ತರುವುದು. ಕರೆಂಟು ಇದ್ದರೆ ಹುಲ್ಲಿನಲ್ಲಿ ಹರಿದು ಬಂದು ಮೊಣಕೈ ಚುರ್ ಎನ್ನುತ್ತದೆ. ಇಲ್ಲದಿದ್ದರೆ ಎಲ್ಲೋ ಆನೆ ಕೊಂಬೆ ಬೀಳಿಸಿದೆ ಎಂದು ಅರ್ಥ. ಅವತ್ತು ಬೇಲಿಗೆ ಹುಲ್ಲಿಟ್ಟೆ, ಚುರ್ ಎಂದಿತು. ಮಿಷನ್ನಿಗೆ ಹುಲ್ಲಿಟ್ಟೆ, ಏನೂ ಇಲ್ಲ. ಜಡೇಸ್ವಾಮಿಯೂ ಇಟ್ಟು ನೋಡಿದ. ಆ ಬಿಲ್ಲೆಗೆ, ಈ ಬಿಲ್ಲೆಗೆ, ಎರಡಕ್ಕೂ ಸೇರಿಸಿ. 'ಸಿದ್ದಣ್ಣ, ಇದ್ರಲ್ಲಿ ಒಂದ್ ಇರ್ವೆ ಸಾಯೋವಷ್ಟೂ ಇಲ್ಲ ಕಣಪ್ಪ. ಬೇಲಿ ತಂತೀನೇ ಒಂದ್ ಮೊಳ ಕುಯ್ದು ಅತ್ಗೆ ಕಾಲ್ಗೆ ಸುತ್ಬುಡನ, ಯಳಂದೂರ್ಗಂಟ ಓಡೋಯ್ತಳೆ' ಎಂದ. ಬೈದೆ. ಆದರೂ ಸಮಾಧಾನವಾಗದೆ ಅಲ್ಲೇ ಬದುವಿನ ಮೇಲೆ ಕೂತು ಬಿಲ್ಲೆಗಳನ್ನು ನನ್ನ ಕಾಲಿಗೇ ಅಂಟಿಸಿಕೊಂಡು ಗುಂಡಿ ಒತ್ತಿದೆ. ಕಣ್ಣು ಮುಚ್ಚಿಕೊಂಡೆ. ಸ್ವಲ್ಪ ಹೊತ್ತಾದ ಮೇಲೆ ಹರಡಿನ ಹತ್ತಿರ ಜುಮು ಜುಮು ಎಂದು ಮೇಲಕ್ಕೆ ಹರಿಯಿತು. 'ಅದೆ ಕಣ್ಲಾ ಜಡೆಯ, ಕರೆಂಟದೆ!' ಎಂದು ಕೂಗಿದೆ. ಅವನು ಬಗ್ಗಿ ನೋಡಿ, 'ಇದಾ?' ಎಂದು ಒಂದು ಇರುವೆಯನ್ನು ತೆಗೆದು ನನ್ನ ಅಂಗೈ ಮೇಲೆ ಬಿಟ್ಟ.

ಇದು ನನ್ನ ತೊಡಕು. ಇದೇ ಇಪ್ಪತ್ತೊಂದನೇ ತಾರೀಕು ಶುಕ್ರವಾರ ಎಂಟು ವಾರ ತುಂಬುತ್ತದೆ, ಮೈಸೂರಿಗೆ ಹೋಗಬೇಕು. ಲಕೋಟೆ ಒಡೆದು, 'ಅಮ್ಮ, ನಿಮ್ಮದರಲ್ಲಿ ಕರೆಂಟು ಇರಲಿಲ್ಲ' ಎನ್ನುತ್ತಾರೆ. ಅಷ್ಟು ದಿನ ಕುಂಕುಮ ಹಚ್ಚಿದ ಮಿಷನ್ನು ಬರೀ ಡಬ್ಬಿ ಎಂದು ಗೊತ್ತಾದರೆ ಅವಳ ಮನಸ್ಸು ಏನಾದೀತು? ಮನಸ್ಸು ಮುದುಡಿದರೆ ಹೊಟ್ಟೆಯೂ ಮತ್ತೆ ಬಾಗಿಲು ಹಾಕಿಕೊಂಡರೆ? ಮತ್ತೆ ಆ ನಿಂಬೆಹಣ್ಣಿನ ಗಾತ್ರದ ಮುದ್ದೆಯನ್ನು ನಾನು ನೋಡಲಾರೆ. ಇವಳಿಗೆ ಮಾತ್ರ ಹೇಳಬೇಡಿ ಎಂದು ಡಾಕ್ಟರನ್ನು ಬೇಡಿಕೊಳ್ಳಲೇ? ಬೇಡಿಕೊಂಡರೆ, ನಿನಗೆ ಹೇಗೆ ಗೊತ್ತಯ್ಯ ಎಂದು ಕೇಳುತ್ತಾರೆ, ಹುಲ್ಲಿನ ವಿಷಯ ಬಾಯಿ ಬಿಡಬೇಕಾಗುತ್ತದೆ. ಅಥವಾ ಈಗಲೇ ನಾನೇ ಮೆಲ್ಲಗೆ ಹೇಳಿಬಿಡಲೇ? ಇನ್ನೂ ಒಂದು ಅನುಮಾನ ಕಾಡುತ್ತಿದೆ. ಬೇಲಿಯದು ಆನೆಯನ್ನು ಹಿಂದಕ್ಕೆ ಕಳಿಸುವ ಕರೆಂಟು, ಹುಲ್ಲಿನಲ್ಲೂ ನುಗ್ಗಿ ಬರುತ್ತದೆ. ಮಿಷನ್ನಿನದು ಪುಟಾಣಿ ಕರೆಂಟು, ಹುಲ್ಲನ್ನು ದಾಟಿ ಬರುವಷ್ಟು ತ್ರಾಣ ಅದಕ್ಕೆ ಇಲ್ಲದೆಯೂ ಇರಬಹುದಲ್ಲ? ನನ್ನ ಕಾಲು ಹೊಲದಲ್ಲಿ ಸವೆದ ಕಾಲು, ಚರ್ಮ ಚಪ್ಪಲಿಯ ಹಾಗಿದೆ, ಅದಕ್ಕೆ ತಿಳಿಯದೆಯೂ ಇರಬಹುದಲ್ಲ? ನೀನು ಮಕ್ಕಳಿಗೆ ಕರೆಂಟಿನ ಪಾಠ ಹೇಳುವವಳು. ಹುಲ್ಲಿನ ಮಾತು ಎಷ್ಟು ನಂಬಬಹುದು ಎಂದು ನೋಡಿ ಹೇಳು. ಮತ್ತೆ ಕರೆಂಟೇ ಇಲ್ಲದಿದ್ದರೆ ಇವಳಿಗೆ ಗುಣವಾದದ್ದು ಯಾತರಿಂದ? ಪುಡಿಯಿಂದಲೋ, ಬಿಸಿನೀರಿನಿಂದಲೋ, ನಮ್ಮಜ್ಜನ ಕಥೆಗಳಿಂದಲೋ? ನನಗಂತೂ ತಲೆಬುಡ ತಿಳಿಯುತ್ತಿಲ್ಲ.

ಉತ್ತರವನ್ನು ಫೋನಿನಲ್ಲಿ ಹೇಳಬೇಡ, ಸ್ಪೀಕರ್ ನೆನಪಿರಲಿ. ರಾಗಿ ತೆನೆ ಬಲಿತಿದೆ, ಇನ್ನು ಹದಿನೈದು ದಿನಕ್ಕೆ ಕೊಯ್ಲು. ಆನೆ ಈಚೆ ಕಡೆ ಬಂದಿಲ್ಲ, ಹಂದಿ ಒಂದು ಮೂಲೆ ಉತ್ತಿದೆ. ನಿನ್ನ ಆರೋಗ್ಯ ಚೆನ್ನಾಗಿ ನೋಡಿಕೋ, ಹೊತ್ತಿಗೆ ಸರಿಯಾಗಿ ಊಟ ಮಾಡು, ನೀರು ಹೆಚ್ಚಾಗಿ ಕುಡಿ. ಮಲೆಯ ಮಾದಪ್ಪ ನಿನ್ನನ್ನು ಕಾಯಲಿ.

ಇಂತಿ ನಿನ್ನ
ಅಪ್ಪ

ಆಮೇಲಿನ ಮಾತು: ಮೇಲಿನದನ್ನು ಬರೆದು ಮುಗಿಸಿ ಲಕೋಟೆಗೆ ಹಾಕುವ ಹೊತ್ತಿಗೆ ನಿಮ್ಮವ್ವ ಬುತ್ತಿ ತಂದಳು. ಇಷ್ಟು ದೂರ ನಡೆದು ಬಂದದ್ದು ಎಷ್ಟೋ ತಿಂಗಳ ಮೇಲೆ ಇವತ್ತೇ. ಇಳಿದು ಹೋದೆ. ಕಾಗದ ಕಂಡು 'ಯಾರ್ಗೆ?' ಎಂದಳು. ರೂಪಂಗೆ, ಬರೀ ಕ್ಷೇಮ ಸಮಾಚಾರ ಎಂದೆ. 'ಕೊಡಿ, ನಾನೂ ಓದ್ತೀನಿ' ಎಂದಳು. ನಾಲ್ಕನೇ ಕ್ಲಾಸು ಓದಿದವಳು, ಕೂಡಿಸಿಕೊಂಡು ಓದುತ್ತಾಳೆ. ಕೊಡುವುದಿಲ್ಲ ಎನ್ನಲು ಬಾಯಿ ಬರಲಿಲ್ಲ. ಹಾಳೆ ತಿರುಗಿಸಲು ಅವಳ ಬೆರಳಿಗೆ ಆಗುವುದಿಲ್ಲ ನೋಡು, ಒಂದೊಂದನ್ನೂ ನಾನೇ ತಿರುಗಿಸಿಕೊಟ್ಟೆ. ಹುಲ್ಲಿನ ಹಾಳೆಗೆ ಬಂದಾಗ ಗಾಳಿ ಜಾಸ್ತಿಯಾಯಿತು, ಆಮೇಲೆ ಓದುವೆಯಂತೆ ಎಂದೆ. 'ತಿರುಗ್ಸಿ' ಎಂದಳು. ತಿರುಗಿಸಿದೆ.

ಓದಿ ಮುಗಿಸಿ ಹಾಳೆಗಳನ್ನು ನನ್ನ ಕಡೆಗೆ ತಳ್ಳಿದಳು. ಆಮೇಲೆ, 'ಅಂಗಾರೆ ಇಬ್ರೂ ಕಳ್ರೇ ಬುಡಿ' ಎಂದಳು. ಮಗಳೇ, ಡಬ್ಬಿಯಲ್ಲಿ ಇಪ್ಪತ್ತೇಳು ಕಾಳಿವೆ. ಎಲ್ಲವೂ ದಿಟದ ಕಾಳಲ್ಲವಂತೆ. 'ಕಾಳ್ ಕಂಡ್ರೆ ನಿಮ್ ಮಕ ಅಬ್ಬ ಆಯ್ತಿತ್ತು. ಬರೀ ಕಿಟ್ಕಿ ನೋಡ್ಕಂಡ್ ನೀವ್ ನಿಂತಿದ್ರೆ ನಂಗ್ ನೋಡಕಾಯ್ತಿರ್ನಿಲ್ಲ. ಅದ್ಕೇ ಓಗ್ದಿದ್ ದಿನ್ವೂ ಒಂದೊಂದ್ ಮಡಗ್ಬುಟ್ಟೆ' ಎಂದಳು. ದೀಪಾವಳಿಯ ತನಕ ಒಂದಷ್ಟು ಸುಳ್ಳು, ಆಮೇಲಿನವೆಲ್ಲ ದಿಟ ಎಂದು ನನ್ನ ಮೇಲೆ ಆಣೆ ಮಾಡುತ್ತಾಳೆ. ಸುಳ್ಳು ಎಷ್ಟು, ಯಾವ ಯಾವ ದಿನದ್ದು ಎಂದರೆ ಅವಳಿಗೂ ನೆನಪಿಲ್ಲ. ಡಬ್ಬಿಯಲ್ಲಿ ಎಲ್ಲ ಕಾಳೂ ಒಂದೇ ಥರ ಇವೆ. ಪುಸ್ತಕದಲ್ಲಿ ಅವನ್ನೆಲ್ಲ ನಾನು ದಿಟವೆಂದು ಬರೆದಿದ್ದೇನೆ. ಆ ಪುಸ್ತಕ ನೋಡಿ ನಾಳೆ ಇನ್ನಾರಿಗೋ ಚಿಕಿತ್ಸೆ ಕೊಡುತ್ತಾರೆ ಎಂದಿದ್ದಳಲ್ಲ ಆ ಸಿಸ್ಟರ್. ಶಾಂತಮೂರ್ತಿಯ ಮುಖ ಕಣ್ಣ ಮುಂದೆ ಬರುತ್ತಿದೆ.

ಹಾಗಾಗಿ ಮೇಲೆ ಕೇಳಿದ್ದನ್ನೆಲ್ಲ ಬಿಟ್ಟುಬಿಡು. ರಜ ಹಾಕಿ ಇಪ್ಪತ್ತೊಂದನೇ ತಾರೀಕು ಬೆಳಿಗ್ಗೆ ಮೈಸೂರಿಗೇ ಬಂದುಬಿಡು. ಹುಲ್ಲಿನದು, ಕಾಳಿನದು ಎರಡನ್ನೂ ಡಾಕ್ಟರಿಗೆ ಹೇಳಬೇಕು, ಪುಸ್ತಕ ತಿದ್ದಿಸಬೇಕು. ನಮ್ಮಿಬ್ಬರಲ್ಲಿ ಯಾರಿಗೂ ಅದನ್ನು ಹೇಳುವ ಬಾಯಿಲ್ಲ. ಮಿಷನ್ನಿನ ವಿಷಯ ನಿಮ್ಮವ್ವ ಹೇಳಿದ್ದು ಇಷ್ಟೇ, 'ಬರೀದಾದ್ರೆ ವಾಪಸ್ ಕೊಟ್ಬುಡನ. ಬಿಸ್ನೀರ್ ಮಾತ್ರ ನಿಲ್ಲುಸ್ಬ್ಯಾಡಿ.'

ಪೋಸ್ಟಿಗೆ ಕಾಗದ ಕೊಡಲು ಜಡೇಸ್ವಾಮಿ ಸೈಕಲ್ ಹಿಡಿದು ನಿಂತಿದ್ದಾನೆ, ಸಾಕು ಮಾಡುತ್ತೇನೆ. ಬುತ್ತಿಯ ಪುಟ್ಟಿ ಎತ್ತಿಕೊಂಡು ಹೊರಟ ನಿಮ್ಮವ್ವ ಬೇಲಿಯ ಹತ್ತಿರ ನಿಂತು, ತಿರುಗಿ, ಅಷ್ಟು ದೂರದಿಂದಲೇ ಕೂಗಿದಳು. 'ರೂಪನಪ್ಪಾ, ಇವತ್ತು ಓಗಿದ್ದೆ ಕಣಿ! ಕಿಟ್ಕೀಲಿ ಕಾಳ ಉಡುಕ್ಬ್ಯಾಡಿ!' ಜಡೇಸ್ವಾಮಿ ಸೈಕಲ್ಲಿನ ಚೈನು ನೋಡುವವನ ಹಾಗೆ ತಲೆ ತಗ್ಗಿಸಿಬಿಟ್ಟ. ಮಗಳೇ, ಇವತ್ತಿನದೊಂದನ್ನು ಮಾತ್ರ ದಿಟವೆಂದು ಬರೆದುಕೋ.